ಹನ್ನೆರಡು ಅಂಗುಲದ ಕೋಲಿನೊಡನೆ ಉತ್ತರಕ್ಕೆ

ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ನಾನು ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದೆ. ಪ್ರತಿವರ್ಷವೂ ಎಂಟನೆಯ ತರಗತಿಯ ಕಿಟಕಿಗಳನ್ನು ಮುಚ್ಚಿಸಿ, ಕರಿಹಲಗೆಯ ಮೇಲೆ ಟಾರ್ಚ್ ಬಿಟ್ಟು, ನೇರವಾಗಿ ಹಿಡಿದಾಗ ಬೆಳಕು ಪುಟ್ಟ ಬಿಲ್ಲೆಯಾಗುವುದನ್ನೂ ಓರೆಯಾಗಿ ಹಿಡಿದಾಗ ಅದೇ ಬೆಳಕು ಉದ್ದಕ್ಕೆ ಹರಡಿ ಮಂಕಾಗುವುದನ್ನೂ ತೋರಿಸುತ್ತಿದ್ದೆ. ಅಷ್ಟಾದರೂ ಪರೀಕ್ಷೆಯಲ್ಲಿ ‘ಧ್ರುವಪ್ರದೇಶಗಳು ಸೂರ್ಯನಿಂದ ದೂರ ಇರುವುದರಿಂದ ಅಲ್ಲಿ ಚಳಿ’ ಎಂದು ಬರೆಯುವವರು ಇದ್ದೇ ಇರುತ್ತಿದ್ದರು. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಆ ದಾರಿಯಲ್ಲಿ ಇಷ್ಟು ಅಂತರ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲದೆ ಭೂಮಿ ಸೂರ್ಯನಿಗೆ ಅತ್ಯಂತ ಹತ್ತಿರವಾಗುವುದು ಜನವರಿಯ ಮೊದಲ ವಾರದಲ್ಲಿ, ಉತ್ತರಾರ್ಧಗೋಳವೆಲ್ಲ ನಡುಗುತ್ತಿರುವ ಹೊತ್ತಿನಲ್ಲಿ. ಇದನ್ನು ಎಷ್ಟು ಸಲ ಹೇಳಿದ್ದರೂ, ಓರೆ ಬಿಸಿಲು ಎಂದರೇನು ಎಂಬುದನ್ನು ನನ್ನ ಮೈಮೇಲೆ ಅನುಭವಿಸಿರಲಿಲ್ಲ. ನಿವೃತ್ತಿಯಾದ ಮೇಲೆ ಅದೊಂದು ಕೊರತೆಯಾಗಿ ಕಾಡತೊಡಗಿತು.

ತಂಗಿಯ ಮಗ ನಾರ್ವೆ ದೇಶದ ಓಸ್ಲೊ ನಗರದಲ್ಲಿ ಕೆಲಸದಲ್ಲಿದ್ದಾನೆ. ಜೂನ್‌ನಲ್ಲಿ ಬನ್ನಿ, ನಡುರಾತ್ರಿಯ ಸೂರ್ಯನನ್ನು ನೋಡಬಹುದು ಎಂದು ಅವನು ಕರೆದ. ನಾನು ಮಾರ್ಚ್ ಮೂರನೆಯ ವಾರವನ್ನು ಕೇಳಿಕೊಂಡೆ. ಮಾರ್ಚ್ 20ರ ವಿಷುವದಂದು ಭೂಮಿಯ ಮೇಲೆ ಎಲ್ಲಿ ನಿಂತರೂ ಹಗಲು ಹೆಚ್ಚುಕಡಿಮೆ 12 ಗಂಟೆ. ಹಗಲು ಉದ್ದವೋ ಗಿಡ್ಡವೋ ಎಂಬ ತೊಡಕು ಅಂದು ಇರುವುದಿಲ್ಲ. ಊರಿಂದ ಊರಿಗೆ ಬದಲಾಗುವುದು ಬಿಸಿಲಿನ ಕೋನ ಮಾತ್ರ. ಮಧ್ಯಾಹ್ನದ ಸೂರ್ಯ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿರುತ್ತಾನೆಂಬುದನ್ನು 90ರಿಂದ ಅಕ್ಷಾಂಶವನ್ನು ಕಳೆದೇ ಹೇಳಿಬಿಡಬಹುದು.

ನನ್ನ ಅಜ್ಜ ಪಂಚಾಂಗ ಬಲ್ಲವರು. ಅವರ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ‘ಮೈಸೂರಿನ ಪಲಭಾ: 2 ಅಂಗುಲ 37 ವ್ಯಂಗುಲ’ ಎಂದು ಬರೆದಿದೆ. ಅಂಗುಲದ ಅರವತ್ತನೆಯ ಒಂದು ಪಾಲು ವ್ಯಂಗುಲ. ವಿಷುವದ ಮಧ್ಯಾಹ್ನ, 12 ಅಂಗುಲದ ಶಂಕುವನ್ನು, ಎಂದರೆ ನೆರಳು ಅಳೆಯುವ ಕೋಲನ್ನು, ನೆಟ್ಟಗೆ ನಿಲ್ಲಿಸಿದಾಗ ಬೀಳುವ ನೆರಳಿನ ಉದ್ದವೇ ಪಲಭಾ. ಜಾತಕದ ಲಗ್ನ ಕಟ್ಟಲು ಜ್ಯೋತಿಷಿಗಳಿಗೆ ಅದು ಬೇಕಾಗಿತ್ತು. ನನಗೆ ಅದರಲ್ಲಿ ಊರಿನ ಬಿಸಿಲಿನ ಓರೆ ಕಾಣಿಸಿತು. ಗ್ರೀಕರ ‘ಕ್ಲಿಮ’ ಎಂಬ ಮಾತಿನ ಅರ್ಥ ಓರೆ, ಇಳಿಜಾರು ಎಂದು. ಇಂಗ್ಲಿಷಿನ ಕ್ಲೈಮೇಟ್ ಹುಟ್ಟಿದ್ದು ಅದರಿಂದಲೇ. ಬಡಗಿಯೊಬ್ಬರಿಂದ, ಅಂಗುಲಕ್ಕೆ 2 ಸೆಂಟಿಮೀಟರಿನಂತೆ, 24 ಸೆಂಟಿಮೀಟರಿನ ಎರಡು ತೇಗದ ಕೋಲುಗಳನ್ನು ಮಾಡಿಸಿದೆ. ಒಂದು ನನ್ನ ಚೀಲಕ್ಕೆ ಸೇರಿತು. ಮಂಡಿನೋವಿನಿಂದಾಗಿ ಹಿಮದ ನಾಡು ಬೇಡವೆಂದು ಊರಿನಲ್ಲೇ ಉಳಿದ ನನ್ನ ಹೆಂಡತಿಗೆ ಇನ್ನೊಂದನ್ನು ಕೊಟ್ಟು, 20ರಂದು 12 ಗಂಟೆ 31 ನಿಮಿಷಕ್ಕೆ ತಾರಸಿಯ ಮೇಲೆ ಅಳೆಯಬೇಕೆಂದು ಹೇಳಿ ಹೊರಟೆ.

ಮಾರ್ಚ್ 16 ಮತ್ತು 17, ಓಸ್ಲೊ

ವಿಮಾನ ಇಳಿದದ್ದು ಸಂಜೆ. ಮರುದಿನ ಬೆಳಿಗ್ಗೆ ಎದ್ದಾಗ ಆಕಾಶ ತೊಳೆದಂತೆ ನೀಲಿಯಾಗಿತ್ತು. ಸೂರ್ಯ ಚೆನ್ನಾಗಿ ಹೊಳೆಯುತ್ತಿದ್ದರೂ ಕಿಟಕಿಯ ಹೊರಗಿನ ಉಷ್ಣಮಾಪಕ ಒಂದೇ ಡಿಗ್ರಿ ತೋರಿಸುತ್ತಿತ್ತು.

ತಂಗಿಯ ಮಗನ ಮನೆಯ ಬೀದಿ ಪೂರ್ವದಿಂದ ಪಶ್ಚಿಮಕ್ಕೆ ಓಡುತ್ತದೆ. ಅದರ ಉತ್ತರದ ಬದಿಯ ಕಾಲುದಾರಿ ಒಣಗಿ ಬೆಳ್ಳಗಾಗಿತ್ತು, ಜನ ಕೋಟಿನ ಗುಂಡಿ ಬಿಚ್ಚಿ ನಡೆಯುತ್ತಿದ್ದರು. ದಕ್ಷಿಣದ ಬದಿಯಲ್ಲಿ ಮನೆಗಳ ನೆರಳು. ಅಲ್ಲಿ ಜನವರಿಯಿಂದ ಕೂತಿದ್ದ ಮಂಜುಗಡ್ಡೆ ಗಾಜಿನಂತೆ ಹೊಳೆಯುತ್ತಿತ್ತು, ಅದರ ಮೇಲೆ ಸಣ್ಣ ಜಲ್ಲಿ ಚೆಲ್ಲಿದ್ದರು. ಎರಡು ಬದಿಗಳ ನಡುವೆ ಹತ್ತು ಹನ್ನೆರಡು ಮೀಟರ್ ಅಂತರ. ದಕ್ಷಿಣದ ಬದಿಗೆ ದಾಟಿದ ನಾಲ್ಕನೆಯ ಹೆಜ್ಜೆಗೆ ನಾನು ಜಾರಿ ಬಿದ್ದು ಎಡಗೈ ತರಚಿಕೊಂಡೆ. ಅಂಗಡಿಯಾತ ಓಡಿ ಬಂದು ಎಬ್ಬಿಸಿ, ಬೂಟಿನ ಅಡಿಗೆ ಸಿಕ್ಕಿಸುವ, ಕಬ್ಬಿಣದ ಮುಳ್ಳುಗಳಿರುವ ರಬ್ಬರ್ ಪಟ್ಟಿಯನ್ನು ತೋರಿಸಿ, "ಮಾರ್ಚ್‌ನಲ್ಲಿ ಇದಿಲ್ಲದೆ ನೆರಳಿಗೆ ಕಾಲಿಡಬೇಡಿ" ಎಂದ. ಮಾರ್ಚ್‌ನಲ್ಲಿ ಈ ಕಡೆ ಬರುವವರು ವಿಮಾನ ಇಳಿದ ದಿನವೇ ಅದನ್ನು ಕೊಳ್ಳುವುದು ಒಳ್ಳೆಯದು.

ವೀಗೆಲಾನ್ ಶಿಲ್ಪೋದ್ಯಾನದಲ್ಲಿ, ಒಂದು ಒಣಗಿದ ಕಲ್ಲುಹಾಸಿನ ಮೇಲೆ ಶಂಕುವನ್ನು ನಿಲ್ಲಿಸಿದೆ. ಗಡಿಯಾರದ 12 ಗಂಟೆ ಅಲ್ಲಿ ಮಧ್ಯಾಹ್ನವಲ್ಲ. ಓಸ್ಲೊ ತನ್ನ ಕಾಲವಲಯದ ರೇಖಾಂಶಕ್ಕಿಂತ ಪಶ್ಚಿಮದಲ್ಲಿರುವುದರಿಂದ ಸೂರ್ಯ ನೆತ್ತಿಯ ರೇಖೆಗೆ ಬರುವಾಗ 12 ಗಂಟೆ 25 ನಿಮಿಷವಾಗಿರುತ್ತದೆ. ನೆರಳು 43 ಸೆಂಟಿಮೀಟರಿಗಿಂತ ತುಸು ಹೆಚ್ಚು ಬಂತು. ಕೋಲು ಇರುವುದು 24. ಮೈಸೂರಿನಲ್ಲಿ ಅದರ ನೆರಳು ನನ್ನ ತೋರುಬೆರಳಿಗಿಂತ ಗಿಡ್ಡ.

ಓಸ್ಲೊ ಸುಮಾರು 60 ಡಿಗ್ರಿ ಅಕ್ಷಾಂಶದಲ್ಲಿದೆ. ವಿಷುವದಂದು ಅಲ್ಲಿ ಸೂರ್ಯ ಏರುವುದು 30 ಡಿಗ್ರಿ. 30ರ ಸೈನ್ ಎಂದರೆ ಅರ್ಧ ಎಂಬುದು ಹತ್ತನೆಯ ತರಗತಿಯ ಮಕ್ಕಳಿಗೂ ಬಾಯಿಪಾಠ. ಒಂದು ಚದರ ಮೀಟರ್ ಅಗಲದ ಬಿಸಿಲಿನ ಕಂಬವೊಂದು ಬಾನಿನಿಂದ ಇಳಿಯುತ್ತಿದೆ ಎಂದುಕೊಂಡರೆ, ಮೈಸೂರಿನ ನೆಲದ ಮೇಲೆ ಅದು ಒಂದು ಚದರ ಮೀಟರಿಗೇ ಸಿಗುತ್ತದೆ. ಓಸ್ಲೊದಲ್ಲಿ ಎರಡು ಚದರ ಮೀಟರ್ ಅದನ್ನು ಹಂಚಿಕೊಳ್ಳಬೇಕು. ಒಂದು ಬಟ್ಟಲು ಪಾಯಸವನ್ನು ಎರಡು ಎಲೆಗೆ ಬಡಿಸಿದ ಹಾಗೆ. ಜೊತೆಗೆ ಆ ಕಿರಣ ವಾತಾವರಣದಲ್ಲಿ ಎರಡರಷ್ಟು ದಾರಿ ಸವೆಸಿ ಬರುವುದರಿಂದ, ಹಂಚಿಕೆಗೆ ಮುಂಚೆಯೇ ಅದರಲ್ಲಿ ಒಂದಷ್ಟು ಸೋರಿಹೋಗಿರುತ್ತದೆ.

ಉದ್ಯಾನದ ಕಾಫಿ ಅಂಗಡಿಯ ಹೊರಗೆ ಇಪ್ಪತ್ತು ಮಂದಿ ಸಾಲಾಗಿ ಗೋಡೆಗೆ ಬೆನ್ನು ಕೊಟ್ಟು, ಮುಖ ಮೇಲೆತ್ತಿ, ಕಣ್ಣು ಮುಚ್ಚಿ ಕುಳಿತಿದ್ದರು. ಎದುರಿನ ಹುಲ್ಲುಹಾಸಿನಲ್ಲಿ ಕುರ್ಚಿಗಳು ಖಾಲಿ ಬಿದ್ದಿದ್ದವು. ಗೋಡೆಯ ಬುಡದಲ್ಲೇ ಏಕೆ ಇಷ್ಟು ಇಕ್ಕಟ್ಟು ಎಂದು ನನಗೆ ಅಂದು ಹೊಳೆಯಲಿಲ್ಲ.

ಮಾರ್ಚ್ 18, ರ್ಯೂಕನ್

ಬೆಳಿಗ್ಗೆ ಏಳಕ್ಕೆ, ಚಪಾತಿ ಮತ್ತು ನಾನು ಒಯ್ದಿದ್ದ ಚಟ್ನಿಪುಡಿ ಕಟ್ಟಿಕೊಂಡು, ಕಾರಿನಲ್ಲಿ ಪಶ್ಚಿಮಕ್ಕೆ ಹೊರಟೆವು. ತಂಗಿಯ ಮಗ, ಅವನ ಎಂಟು ವರ್ಷದ ಮಗಳು, ನಾನು. ಕೊಂಗ್ಸ್‌ಬೆರ್ಗ್ ದಾಟಿದ ಮೇಲೆ ರಸ್ತೆ ಕಣಿವೆಗಳನ್ನು ಸುತ್ತುತ್ತ ಏರುತ್ತದೆ. ಎರಡೂ ಬದಿಗೆ ಪೈನ್, ನಡುನಡುವೆ ಬಿಳಿ ತೊಗಟೆಯ ಭೂರ್ಜದ ಮರಗಳು, ಕೆಳಗೆ ಹೆಪ್ಪುಗಟ್ಟಿದ ಸರೋವರಗಳು. ಚಹಾ ಕುಡಿಯಲೆಂದು ಒಂದು ಕಡೆ ನಿಂತಾಗ ಆ ಮಗು, "ತಾತ, ಮರಗಳೆಲ್ಲ ಗುಂಡಿ ತೋಡಿಕೊಂಡಿವೆ ನೋಡಿ" ಎಂದಳು.

ಹಿಮ ನನ್ನ ಮೊಣಕಾಲಿನಷ್ಟು ಆಳವಿತ್ತು. ಆದರೆ ಒಂದೊಂದು ಮರದ ಬುಡದಲ್ಲೂ, ಅದೂ ದಕ್ಷಿಣದ ಕಡೆಗೆ ಮಾತ್ರ, ಮೊರದಷ್ಟು ಅಗಲದ ಬಟ್ಟಲಿನಂಥ ಗುಂಡಿ ಬಿದ್ದಿತ್ತು. ಒಂದರ ತಳದಲ್ಲಿ ಕಳೆದ ವರ್ಷದ ಒದ್ದೆ ಎಲೆಗಳು, ಒಂದು ಹಸಿರು ಪಾಚಿಯ ತುಣುಕು. ಅಲ್ಲಿಂದ ಒಂದು ಮಾರು ಆಚೆ ಹಿಮ ಕದಲಿರಲಿಲ್ಲ. ಕೈಗವಸು ತೆಗೆದು ಕಾಂಡವನ್ನು ಮುಟ್ಟಿದೆ. ಬಿಸಿಲು ಬಿದ್ದ ಮಗ್ಗುಲು ಬೆಚ್ಚಗಿತ್ತು, ಹಿಂಬದಿ ಕಲ್ಲಿನಂತೆ ತಣ್ಣಗಿತ್ತು. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರಷ್ಟನ್ನೋ ಅದಕ್ಕೂ ಹೆಚ್ಚನ್ನೋ ಹಿಂದಕ್ಕೆ ಎಸೆಯುತ್ತದೆ, ಅದಕ್ಕೆ ದಕ್ಕುವುದು ಕಡಿಮೆ. ಮರದ ಕಪ್ಪು ಬಣ್ಣದ ಬುಡ ಅದನ್ನು ಹೀರುತ್ತದೆ. ಇಷ್ಟನ್ನು ಅವಳಿಗೆ ಹೇಳಿದೆ. ಮರ ನೆಟ್ಟಗೆ ನಿಂತಿದೆ ಎಂಬ ಇನ್ನೊಂದು ಕಾರಣವನ್ನು ಹೇಳುವುದು ಅಂದು ತಪ್ಪಿಹೋಯಿತು.

ರ್ಯೂಕನ್ ಪೂರ್ವ ಪಶ್ಚಿಮವಾಗಿ ಚಾಚಿದ ಆಳವಾದ ಕಣಿವೆಯ ತಳದಲ್ಲಿದೆ. ದಕ್ಷಿಣಕ್ಕೆ 1,883 ಮೀಟರ್ ಎತ್ತರದ ಗೌಸ್ತಾಟೊಪ್ಪನ್ ಪರ್ವತ. ಅದರ ದೆಸೆಯಿಂದ ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ಊರಿಗೆ ನೇರ ಬಿಸಿಲೇ ಬೀಳುವುದಿಲ್ಲ. 2013ರ ಅಕ್ಟೋಬರ್‌ನಲ್ಲಿ ಉತ್ತರದ ಬೆಟ್ಟದ ಮೇಲೆ, ಊರಿಗಿಂತ ಸುಮಾರು 450 ಮೀಟರ್ ಎತ್ತರದಲ್ಲಿ, 17 ಚದರ ಮೀಟರಿನ ಮೂರು ಕನ್ನಡಿಗಳನ್ನು ನಿಲ್ಲಿಸಿದರು. ಅವು ಸೂರ್ಯನನ್ನು ಹಿಂಬಾಲಿಸಿ ಊರ ಚೌಕದ ಮೇಲೆ ಬಿಸಿಲು ಕೆಡವುತ್ತವೆ. ಈ ಯೋಚನೆ ಹೊಸದಲ್ಲ, 1913ರಲ್ಲೇ ಅಲ್ಲಿಯ ಪತ್ರಿಕೆಯಲ್ಲಿ ಚರ್ಚೆಗೆ ಬಂದಿತ್ತು. ಆಗ ಅದು ಕೈಗೂಡದೆ, 1928ರಲ್ಲಿ ನೊರ್ಸ್ಕ್ ಹೀಡ್ರೊ ಕಂಪನಿ ಚಳಿಗಾಲದಲ್ಲಿ ಜನರನ್ನು ಬಿಸಿಲಿಗೆ ಕರೆದೊಯ್ಯಲೆಂದೇ ತೂಗುಬಂಡಿ ಕಟ್ಟಿಸಿತು. ಬಿಸಿಲನ್ನು ನೀರು, ವಿದ್ಯುತ್ತಿನ ಹಾಗೆ ಊರಿಗೆ ಒದಗಿಸಬೇಕಾದ ಸೌಕರ್ಯವೆಂದು ತಿಳಿದ ಜನರನ್ನು ಕಂಡು ನನಗೆ ನಿಜವಾಗಿಯೂ ಗೌರವ ಮೂಡಿತು.

ನಾವು ಹೋಗುವ ಕೆಲವೇ ದಿನಗಳ ಹಿಂದೆ ಸೂರ್ಯ ಕಣಿವೆಗೆ ಮರಳಿದ್ದ. ಚೌಕದಲ್ಲಿ ಬೆಂಚಿನ ಮೇಲಿದ್ದ ಮುದುಕರೊಬ್ಬರು, ನಾನು ಕೋಲು ನಿಲ್ಲಿಸುವುದನ್ನು ನೋಡಿ ಹತ್ತಿರ ಬಂದರು. ಬಾಲ್ಯದಲ್ಲಿ ಸೂರ್ಯ ಬರುವ ವಾರ ತಾಯಿ ಅಡಿಗೆಮನೆಯ ಕಿಟಕಿ ಒರೆಸಿ, ಎದುರಿನ ಬೆಟ್ಟದ ಅಂಚನ್ನು ದಿನವೂ ನೋಡುತ್ತಿದ್ದರಂತೆ. "ಇಂದು ಮೇಜಿನ ಕಾಲಿಗೆ ಬಂದರೆ ನಾಳೆ ಮೇಜಿನ ಮೇಲಕ್ಕೆ ಬರುತ್ತದೆ" ಎಂದು ಅವರು ಹೇಳಿದ ಮಾತು ಸಂಕ್ರಾಂತಿಯ ನಂತರ ನಮ್ಮ ನಡುಮನೆಯಲ್ಲಿ ಹಿಂದೆ ಸರಿಯುವ ಬಿಸಿಲನ್ನು ನೆನಪಿಸಿತು. ನಮ್ಮಲ್ಲಿ ಅದನ್ನು ಯಾರೂ ಕಾಯುವುದಿಲ್ಲ.

ತೂಗುಬಂಡಿಯಲ್ಲಿ ಮೇಲೇರಿದೆವು. ಗಾಳಿ ಜೋರಾದರೆ ಅದನ್ನು ನಿಲ್ಲಿಸುತ್ತಾರೆ, ಆದ್ದರಿಂದ ಬೆಳಗಿನ ಹೊತ್ತೇ ಹೋಗಿಬಿಡುವುದು ಮೇಲು. ಮೇಲಿನಿಂದ ಕಣಿವೆಯ ಎರಡು ಮಗ್ಗುಲು ಎರಡು ತಿಂಗಳುಗಳಂತೆ ಕಂಡವು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಬಂಡೆಗಳು ಬರಿದಾಗಿ ನೀರು ತೊಟ್ಟಿಕ್ಕುತ್ತಿತ್ತು; ಉತ್ತರಕ್ಕೆ ಮುಖ ಮಾಡಿದ ಇಳಿಜಾರು ನೀಲಿಗಟ್ಟಿದ ನಡುಚಳಿಗಾಲ. ಸೂರ್ಯ 30 ಡಿಗ್ರಿ ಮೇಲಿರುವಾಗ ತಾನೂ 30 ಡಿಗ್ರಿ ಸೂರ್ಯನ ಕಡೆಗೆ ಬಾಗಿದ ನೆಲಕ್ಕೆ ಅದೇ ಬಿಸಿಲು 60 ಡಿಗ್ರಿಯಲ್ಲಿ ಬೀಳುತ್ತದೆ. ಆಚೆಗೆ ಬಾಗಿದ ನೆಲಕ್ಕೆ ಕಿರಣ ಬರಿದೆ ಸವರಿಕೊಂಡು ಹೋಗುತ್ತದೆ. ಭೂಮಿಯ ಗುಂಡಗಿನ ಮೈ ಸಾವಿರಾರು ಕಿಲೋಮೀಟರಿನಲ್ಲಿ ಮಾಡುವ ಕೆಲಸವನ್ನು ಆ ಕಣಿವೆ ಎರಡು ಕಿಲೋಮೀಟರಿನೊಳಗೆ ಮಾಡಿ ತೋರಿಸುತ್ತಿತ್ತು.

ಅಲ್ಲಿಯ ಹೋಟೆಲಿನಲ್ಲಿ ಬಿಸಿ ವಾಫಲ್ ಮೇಲೆ ಕಂದು ಚೀಸ್ ಹಾಕಿ ಕೊಟ್ಟರು. ರುಚಿ ನಮ್ಮ ಕೆಂಪಗೆ ಕಾಯಿಸಿದ ಕೋವಾಕ್ಕೆ ಹತ್ತಿರ. ಎರಡು ಗಂಟೆ ಹೊರಗೆ ಕುಳಿತೆವು. ರಾತ್ರಿ ಓಸ್ಲೊಗೆ ಮರಳಿದಾಗ ನನ್ನ ಮೂಗು, ಕೆನ್ನೆ ಕೆಂಪೇರಿ ಉರಿಯುತ್ತಿದ್ದವು. ಕೆಳಗಿನಿಂದ ಹಿಮ ಎಸೆದ ಬೆಳಕು, ಎದುರಿನಿಂದ ತಗ್ಗಿನ ಸೂರ್ಯ. ಸೊನ್ನೆ ಡಿಗ್ರಿಯಲ್ಲೂ ಸನ್‌ಸ್ಕ್ರೀನ್ ಕ್ರೀಮು, ಕಪ್ಪು ಕನ್ನಡಕ ಬೇಕೇ ಬೇಕು.

ಮಾರ್ಚ್ 19 ಮತ್ತು 20, ಟ್ರೂಮ್ಸೊ

ಓಸ್ಲೊದಿಂದ ವಿಮಾನದಲ್ಲಿ ಎರಡು ಗಂಟೆ. ನಾನೊಬ್ಬನೇ ಹೋದೆ. ಟ್ರೂಮ್ಸೊ ಇರುವುದು 69.65 ಡಿಗ್ರಿ ಅಕ್ಷಾಂಶದಲ್ಲಿ, ಉತ್ತರ ಧ್ರುವವೃತ್ತದಿಂದ ಬಹಳ ಮೇಲೆ. ತಂಗಿದ್ದು ಊರ ಅಂಚಿನ ಒಂದು ಮರದ ಮನೆಯಲ್ಲಿ. ಅದರ ಒಡತಿ ನಿವೃತ್ತ ದಾದಿ.

20ರ ಬೆಳಿಗ್ಗೆ ಎಂಟು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಫೋನ್ ಬಂತು. "ರೀ, ಐದು ಸೆಂಟಿಮೀಟರ್ ಎರಡು ಮಿಲಿಮೀಟರ್. ಪಕ್ಕದ ಮನೆ ಮಕ್ಕಳೂ ನೋಡಿದರು. ತಾರಸಿ ಕಾಲಿಡುವ ಹಾಗಿಲ್ಲ, ಚಪ್ಪಲಿ ಹಾಕಿಕೊಂಡೇ ಅಳೆದೆ" ಎಂದಳು. 5.2 ಸೆಂಟಿಮೀಟರ್ ಎಂದರೆ 2.6 ಅಂಗುಲ, ಅಜ್ಜನ 2 ಅಂಗುಲ 37 ವ್ಯಂಗುಲಕ್ಕೆ ಕೂದಲೆಳೆಯಷ್ಟು ಕಡಿಮೆ. ಆ ಟಿಪ್ಪಣಿ ಪುಸ್ತಕದ ಇಂಕು, ಅಂಚು ಹರಿದ ಹಾಳೆ ಕಣ್ಣ ಮುಂದೆ ಬಂದು ಮಾತು ತಡವಾಯಿತು.

ನನ್ನ ಕಿಟಕಿಯ ಹೊರಗಾದರೋ ಹಿಮ ಬೀಳುತ್ತಿತ್ತು. ಇಡೀ ದಿನ ಮೋಡ ಹರಿಯಲಿಲ್ಲ. ವರ್ಷಕ್ಕೆ ಎರಡೇ ಬಾರಿ ಬರುವ ವಿಷುವಕ್ಕಾಗಿ ಇಷ್ಟು ದೂರ ಬಂದು ಸೂರ್ಯನೇ ಕಾಣದಿದ್ದುದು ಬಹಳ ನೋವಾಯಿತು. ಒಡತಿ ಮೀನಿನ ಬದಲು ನನಗೆಂದು ಆಲೂಗಡ್ಡೆ ಬೇಯಿಸಿ, ಬಹಳ ಹೊತ್ತು ಮಾತಾಡುತ್ತ ಕುಳಿತರು. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಸೂರ್ಯ ಹುಟ್ಟುವುದೇ ಇಲ್ಲ; ಜನವರಿ 21ರ ಸುಮಾರಿಗೆ ಬೆಟ್ಟಗಳ ಸಂದಿನಲ್ಲಿ ಮೊದಲು ಕಂಡಾಗ ಶಾಲೆಗಳಲ್ಲಿ, ಕಚೇರಿಗಳಲ್ಲಿ ‘ಸೂಲ್‌ಬೊಲ್ಲೆ’ ಎಂಬ ಸಿಹಿ ಬನ್ ಹಂಚುತ್ತಾರೆ. ಈಗ ದಿನಕ್ಕೆ ಎಂಟೊಂಬತ್ತು ನಿಮಿಷದಂತೆ ಹಗಲು ಬೆಳೆಯುತ್ತಿದೆ. ನಮ್ಮಲ್ಲಿ ಈ ಹೊತ್ತಿಗೆ ಅದು ದಿನಕ್ಕೆ ಒಂದು ನಿಮಿಷವೂ ಬೆಳೆಯುವುದಿಲ್ಲ.

ಅವರು ಹೇಳಿದ ಇನ್ನೊಂದು ಮಾತು ನನ್ನ ಲೆಕ್ಕವನ್ನು ತಿದ್ದಿತು. "ಸೆಪ್ಟೆಂಬರ್ ಕೊನೆಯಲ್ಲಿ ಸೂರ್ಯ ಇಷ್ಟೇ ಎತ್ತರದಲ್ಲಿರುತ್ತಾನೆ, ಆದರೆ ಆಗ ನಾನು ಬರಿಯ ಸ್ವೆಟರ್‌ನಲ್ಲಿ ಆಲೂಗಡ್ಡೆ ಕೀಳುತ್ತಿರುತ್ತೇನೆ." ಕೋನ ಒಂದೇ ಆದರೂ ಸೆಪ್ಟೆಂಬರ್ ಎಂಬುದು ಬೇಸಿಗೆಯಿಡೀ ಕಾಯ್ದ ಕಡಲಿನ ತಿಂಗಳು, ಮಾರ್ಚ್ ಚಳಿಗಾಲವಿಡೀ ಆರಿದ ಕಡಲಿನ ತಿಂಗಳು, ಜೊತೆಗೆ ಮಾರ್ಚ್‌ನ ನೆಲ ಬಿಳಿ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಬಂದು ತಾಕುವುದರಿಂದಲೇ ಈ ಬಂದರು ಹೆಪ್ಪುಗಟ್ಟುವುದಿಲ್ಲ. ಇದಕ್ಕಿಂತ ದಕ್ಷಿಣಕ್ಕಿರುವ ಸೈಬೀರಿಯದ ವೆರ್ಖೊಯಾನ್ಸ್ಕ್‌ನಲ್ಲಿ ಜನವರಿಯ ಸರಾಸರಿ ಮೈನಸ್ 45 ಡಿಗ್ರಿಯ ಆಸುಪಾಸು, ಇಲ್ಲಿ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗೆ ಅಷ್ಟೆ. ಬಿಸಿಲಿನ ಕೋನ ಎಷ್ಟು ಶಾಖ ಬರುತ್ತದೆಂದು ನಿಶ್ಚಯಿಸುತ್ತದೆ. ಅದನ್ನು ಹಿಡಿದಿಡುವುದು, ಸಾಗಿಸುವುದು ಕಡಲು ಮತ್ತು ಗಾಳಿಯ ಕೆಲಸ. ಪಾಠದಲ್ಲಿ ಇದನ್ನು ನಾನು ಎರಡು ಬೇರೆ ಅಧ್ಯಾಯಗಳಾಗಿ ಮಾಡುತ್ತಿದ್ದೆ, ಒಟ್ಟಿಗೆ ಹೇಳಬೇಕಾಗಿತ್ತು.

ಮಾರ್ಚ್ 21, ಟ್ರೂಮ್ಸೊ

ಬೆಳಿಗ್ಗೆ ಮೋಡವಿರಲಿಲ್ಲ. ಹಿಮದ ಮೇಲೆ ಕೋಲು ನೆಟ್ಟರೆ ನೆರಳು ಏರಿಳಿತದಲ್ಲಿ ಸೊಟ್ಟಗಾಗುತ್ತದೆಂದು ಹೇಳಿದಾಗ, ಒಡತಿ ಪುಸ್ತಕದ ಕಪಾಟಿನಿಂದ ಒಂದು ಉದ್ದನೆಯ ಹಲಗೆಯನ್ನೇ ಬಿಚ್ಚಿ ಕೊಟ್ಟರು. ತಟ್ಟೆಯಲ್ಲಿ ನೀರಿಟ್ಟು ಮಟ್ಟ ನೋಡಿ, 11 ಗಂಟೆ 52 ನಿಮಿಷಕ್ಕೆ ಅಳೆದೆ. ನೆರಳಿನ ತುದಿ ಸುಮಾರು ಎರಡು ಸೆಂಟಿಮೀಟರಿನಷ್ಟು ಮಸುಕಾಗಿ ಹರಡಿಕೊಂಡಿತ್ತು. ಅರ್ಧ ಡಿಗ್ರಿ ಅಗಲದ ಸೂರ್ಯಬಿಂಬ ಅಷ್ಟು ಓರೆಯಿಂದ ನೋಡಿದಾಗ ಅಂಚು ಕೂರಾಗಿ ಬೀಳುವುದಿಲ್ಲ. ಮಸುಕಿನ ನಡುವನ್ನು ಹಿಡಿದರೆ 63 ಸೆಂಟಿಮೀಟರ್. ಒಂದು ದಿನದಲ್ಲಿ ಸೂರ್ಯ 0.4 ಡಿಗ್ರಿ ಉತ್ತರಕ್ಕೆ ಸರಿದಿದ್ದನ್ನು ಸೇರಿಸಿದರೆ ವಿಷುವದ ನೆರಳು ಸುಮಾರು 65 ಸೆಂಟಿಮೀಟರ್, ಎಂದರೆ ಟ್ರೂಮ್ಸೊದ ಪಲಭಾ 32 ಅಂಗುಲ ಮೀರುತ್ತದೆ. ಮೈಸೂರಿನಲ್ಲಿ ಒಂದು ಚದರ ಮೀಟರ್ ನೆಲಕ್ಕೆ ಬೀಳುವ ಬಿಸಿಲನ್ನು ಇಲ್ಲಿ ಹೆಚ್ಚುಕಡಿಮೆ ಮೂರು ಚದರ ಮೀಟರ್ ಹಂಚಿಕೊಳ್ಳುತ್ತಿತ್ತು. ಹಲಗೆಯ ಪಕ್ಕ ಉಷ್ಣಮಾಪಕ ಮೈನಸ್ 4 ತೋರಿಸುತ್ತಿತ್ತು.

"ಅಲ್ಲಿ ಏಕೆ ನಡುಗುತ್ತೀರಿ, ಈ ಕಡೆ ಬನ್ನಿ" ಎಂದು ಒಡತಿ ಕರೆದರು. ಮನೆಯ ದಕ್ಷಿಣದ ಗೋಡೆ ಗಾಢ ಕೆಂಪು ಬಣ್ಣ ಬಳಿದ ಮರದ್ದು. ಅದಕ್ಕೆ ಒರಗಿಸಿ ಎರಡು ಕುರ್ಚಿ ಹಾಕಿ, ಕುರಿಯ ಉಣ್ಣೆಯ ಚರ್ಮ ಹಾಸಿ, ಒಂದು ಬುಟ್ಟಿಯಲ್ಲಿ ಕಿತ್ತಳೆ ಇಟ್ಟಿದ್ದರು. ಇದಕ್ಕೆ ಅವರ ಭಾಷೆಯಲ್ಲಿ ‘ಸೂಲ್‌ವೆಗ್’, ಬಿಸಿಲುಗೋಡೆ, ಎಂಬ ಹೆಸರೇ ಇದೆ. ಈಸ್ಟರ್ ಹೊತ್ತಿಗೆ ದೇಶಕ್ಕೆ ದೇಶವೇ ಇಂಥ ಗೋಡೆಗಳಿಗೆ ಒರಗಿ ಕಿತ್ತಳೆ ಸುಲಿಯುತ್ತದೆಯಂತೆ.

ಕುಳಿತ ಎರಡು ನಿಮಿಷಕ್ಕೆ ಟೋಪಿ ತೆಗೆದೆ. ಐದು ನಿಮಿಷಕ್ಕೆ ಕೋಟು ಬಿಚ್ಚಿದೆ. ಗೋಡೆಯ ಹಲಗೆಗೆ ಉಷ್ಣಮಾಪಕ ತಾಗಿಸಿದರೆ ಪಾದರಸ ಏರುತ್ತ ಹೋಗಿ 19ರಲ್ಲಿ ನಿಂತಿತು. ಸೂರಿನ ಅಂಚಿನಿಂದ ಹನಿಗಳು ಒಂದರ ಹಿಂದೊಂದು ಬಿದ್ದು, ನನ್ನ ಬೂಟಿನ ಮುಂದಿನ ಹಿಮದಲ್ಲಿ ಸಾಲಾಗಿ ತೂತುಗಳನ್ನು ಕೊರೆಯುತ್ತಿದ್ದವು. ಬೆನ್ನಿಗೆ ಬಡಿಯುತ್ತಿದ್ದ ಆ ಕಾವು ನನಗೆ ಗೊತ್ತಿದ್ದದ್ದೇ, ನಮ್ಮ ಊರಿನದ್ದೇ. ಸೂರ್ಯ 20 ಡಿಗ್ರಿಯಲ್ಲಿರುವಾಗ ಮಲಗಿದ ನೆಲಕ್ಕೆ ಅವನ ಬಿಸಿಲಿನ ಮೂರರಲ್ಲಿ ಒಂದು ಪಾಲು ಸಿಕ್ಕರೆ, ನೆಟ್ಟಗೆ ನಿಂತು ಅವನನ್ನು ನೋಡುವ ಗೋಡೆಗೆ ನೂರಕ್ಕೆ ತೊಂಬತ್ತನಾಲ್ಕು ಪಾಲು ಸಿಗುತ್ತದೆ. ಗಾಳಿಯ ದೂರದ ದಾರಿಯಲ್ಲಿ ಕಳೆದುಹೋದುದನ್ನು ಹಿಮದ ಪ್ರತಿಫಲನ ಒಂದಷ್ಟು ತುಂಬಿಕೊಡುತ್ತದೆ. ಮೈಸೂರಿನಲ್ಲಿ ಇದೇ ವಾರ ತಾರಸಿ ಕಾವಲಿಯಾಗುತ್ತದೆ, ದಕ್ಷಿಣದ ಗೋಡೆಗೆ ಐದರಲ್ಲಿ ಒಂದು ಪಾಲೂ ಕಷ್ಟ. ಇಲ್ಲಿ ಸೂರಿನ ಮೇಲೆ ಹಿಮ ಕೂತಿದೆ, ಗೋಡೆ ಕಾದಿದೆ. ಸೂರ್ಯ ಉತ್ತರದ ಜನಕ್ಕೆ ಶಾಖ ಕೊಡುವುದರಲ್ಲಿ ಕಡಿಮೆ ಮಾಡಿಲ್ಲ, ಅವರ ನೆಲ ಅವನಿಗೆ ಮುಖ ಕೊಟ್ಟಿಲ್ಲ. ರಸ್ತೆಬದಿಯ ಮರಗಳ ಗುಂಡಿ, ಓಸ್ಲೊದ ಕಾಫಿ ಅಂಗಡಿಯ ಗೋಡೆ ಎರಡೂ ಆ ಕುರ್ಚಿಯಲ್ಲಿ ಕುಳಿತಿದ್ದಾಗ ಒಟ್ಟಿಗೆ ಅರ್ಥವಾದವು. ಟಾರ್ಚನ್ನು ಓರೆ ಹಿಡಿದು ತೋರಿಸಿದ ಮೇಲೆ, ಹಲಗೆಯನ್ನೇ ಅದರ ಕಡೆಗೆ ಎತ್ತಿ ನಿಲ್ಲಿಸಿ ಬೆಳಕು ಮತ್ತೆ ದುಂಡು ಬಿಲ್ಲೆಯಾಗುವುದನ್ನು ನಾನು ಒಮ್ಮೆಯೂ ಮಕ್ಕಳಿಗೆ ತೋರಿಸಿರಲಿಲ್ಲ.

ಒಡತಿ ಕಿತ್ತಳೆ ಸುಲಿದು ಕೊಡುತ್ತ, ಬಿಸಿಲು ಸರಿದ ಹಾಗೆಲ್ಲ ಕುರ್ಚಿ ಸರಿಸುತ್ತಿದ್ದರು. ಮೂರು ಗಂಟೆಯ ಹೊತ್ತಿಗೆ ನಾವು ಗೋಡೆಯ ಪೂರ್ವದ ಮೂಲೆಯಲ್ಲಿದ್ದೆವು.

ಮಾರ್ಚ್ 22

ಓಸ್ಲೊಗೆ ಮರಳಿ ಶಂಕುವನ್ನು ತಂಗಿಯ ಮೊಮ್ಮಗಳ ಕೈಗೆ ಕೊಟ್ಟೆ. ಜೂನ್ 21ರಂದು ಅಳೆಯಬೇಕು, ಆಗ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ಮಧ್ಯಾಹ್ನವಾಗುವುದು 1 ಗಂಟೆ 19 ನಿಮಿಷಕ್ಕೆ ಎಂದು ಬರೆದುಕೊಟ್ಟೆ. ನೆರಳು 18 ಸೆಂಟಿಮೀಟರಿನ ಸುಮಾರಿಗೆ ಬರಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಮರದ ಬುಡದ ಗುಂಡಿಗಳು ಏಕೆ ದಕ್ಷಿಣಕ್ಕೇ ಇದ್ದವೆಂಬುದರ ಉಳಿದ ಅರ್ಧವನ್ನು, ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ, ಅವಳ ಅಂಗೈಯನ್ನು ಕಿಟಕಿಯ ಬಿಸಿಲಿಗೆ ಮೊದಲು ಮಲಗಿಸಿ ಆಮೇಲೆ ನಿಲ್ಲಿಸಿ ಹೇಳಿದೆ. ಅವಳು ಕೈಯನ್ನು ನಿಲ್ಲಿಸಿಕೊಂಡೇ ಇದ್ದಳು.